ಕುಂದರ್ ಅವರ ಡ್ರೈ ಸೂಟು

ನೀರಿಗಿಳಿಯುವ ಮುನ್ನ ಪ್ರಭಾಕರ ಕುಂದರ್ ದಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಎಡತೋಳಿನಿಂದ ಮೊಣಕಾಲುಗಳನ್ನು ಬಳಸಿ ಎದೆಗೆ ಒತ್ತಿಕೊಂಡು, ಬಲಗೈಯ ಎರಡು ಬೆರಳನ್ನು ಕೊರಳ ಸುತ್ತ ಬಿಗಿದಿದ್ದ ರಬ್ಬರ್ ಪಟ್ಟಿಯೊಳಗೆ ತೂರಿಸಿ ಸ್ವಲ್ಪ ಅಗಲಿಸುತ್ತಿದ್ದರು. ಹನಿ ನೀರನ್ನೂ ಒಳಗೆ ಬಿಡದ ಆ ಸೂಟಿನೊಳಗೆ ಸಿಕ್ಕಿಕೊಂಡಿದ್ದ ಗಾಳಿ ಅಲ್ಲಿಂದ ಪುಸ್ ಎಂದು ಹೊರಗೆ ಬರುತ್ತಿತ್ತು. ಸದ್ದು ಸ್ವಲ್ಪ ಅಸಭ್ಯವಾಗಿಯೇ ಇತ್ತು. ದಡದಲ್ಲಿದ್ದ ಮಕ್ಕಳು ಅದಕ್ಕೆಂದೇ ಕಾದಿದ್ದು ಬಿದ್ದು ಬಿದ್ದು ನಗುತ್ತಿದ್ದವು. ಕುಂದರ್ ಮುಖ ಗಂಟಿಕ್ಕಿಕೊಂಡು ಎದ್ದು ನಿಂತು, "ಹ್ಞಾಂ, ಇನ್ನು ನಾನು ಬಲೂನಲ್ಲ, ಮನುಷ್ಯ" ಎನ್ನುತ್ತಿದ್ದರು. ಉಬ್ಬಿದ್ದ ಸೂಟು ಮೈಗೆ ಅಂಟಿಕೊಂಡು ಅವರು ಇದ್ದಕ್ಕಿದ್ದಂತೆ ಸಣಕಲಾಗಿ ಕಾಣುತ್ತಿದ್ದರು.

ಅವರು ನೀರಿನಲ್ಲೇ ತೀರಿಹೋದರು. ಆ ಸೂಟಿನಲ್ಲಿ, ದಡಕ್ಕೆ ತೀರ ಹತ್ತಿರದಲ್ಲಿ, ನಾವೆಲ್ಲ ನೋಡುತ್ತಿದ್ದಂತೆ. ಅವರ ಹೆಗಲು ಹಿಡಿದು ತಿರುಗಿಸಿದವಳು ನಾನು. ಆಮೇಲೆ ಅವರ ಹೆಂಡತಿ ಲಲಿತಕ್ಕ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ, ಇವತ್ತಿಗೂ ಇಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ, ಅವಸರವಿಲ್ಲದೆ ಬರೆಯುತ್ತೇನೆ.

ಅವರನ್ನು ನಾನು ಮೊದಲು ನೋಡಿದ್ದು ಸ್ವೀಡನ್ನಿನ ವೆಸ್ಟೆರಾಸ್ ಊರಿನ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ. ಇಲ್ಲಿನ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಕೋಣೆ ಎಲ್ಲರಿಗೂ ಸೇರಿ ಒಂದೇ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಇನ್ನೊಬ್ಬರ ಸಮಯದಲ್ಲಿ ಕಾಲಿಟ್ಟರೆ ಅಕ್ಕಪಕ್ಕದವರು ವರ್ಷಗಟ್ಟಲೆ ಮರೆಯುವುದಿಲ್ಲ. ನಾನು ಪಿಎಚ್‌ಡಿ ಮಾಡಲು ಬಂದ ಹೊಸದು. ನನ್ನ ಸಮಯಕ್ಕೆ ಸರಿಯಾಗಿ ಬಾಗಿಲು ತೆಗೆದರೆ, ಬಟ್ಟೆ ಮಡಚುವ ಮೇಜಿನ ಮೇಲೆ ತಲೆಯಿಲ್ಲದ ಮನುಷ್ಯನೊಬ್ಬ ಊದಿಕೊಂಡು ಮಲಗಿದ್ದ. ಕೈಗಳು ಅಡ್ಡಕ್ಕೆ ಚಾಚಿದ್ದವು. ಪಕ್ಕದಲ್ಲಿ ಕನ್ನಡಕದ ಗಂಡಸೊಬ್ಬರು ಸ್ಪಂಜು ಹಿಡಿದು ಅವನಿಗೆ ಸೋಪಿನ ನೊರೆ ಹಚ್ಚುತ್ತಿದ್ದರು. ನಾನು ಕಿರುಚಿದೆ. ಕಿರುಚುವಾಗ ಬಾಯಲ್ಲಿ "ಅಯ್ಯ ಯವ್ವಾ" ಎಂದು ಬಂದಿರಬೇಕು, ಆ ಮನುಷ್ಯ ಕನ್ನಡದಲ್ಲೇ ಉತ್ತರ ಕೊಟ್ಟರು.

"ಹೆದರ್ಬೇಡಿ. ಇದು ನಾನೇ. ಒಳಗೆ ಇಲ್ಲ, ಅಷ್ಟೆ."

ಅದು ಅವರ ಡ್ರೈ ಸೂಟು. ಎರಡು ಮಣಿಕಟ್ಟಿನ ರಬ್ಬರ್ ಪಟ್ಟಿಗಳಿಗೆ ಒಂದೊಂದು ಸ್ಟೀಲ್ ಲೋಟ, ಕೊರಳಿಗೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿಸಿ, ಹಾಸಿಗೆಗೆ ಗಾಳಿ ತುಂಬುವ ಪಂಪಿನಿಂದ ಊದಿಸಿದ್ದರು. ಎಲ್ಲಾದರೂ ಸೂಜಿ ಮೊನೆಯಷ್ಟು ತೂತಿದ್ದರೆ ಅಲ್ಲಿ ನೊರೆ ಗುಳ್ಳೆ ಏಳುತ್ತದೆ. ನನ್ನ ಬಟ್ಟೆ ಬುಟ್ಟಿಯನ್ನು ನೋಡಿ ಅವರಿಗೆ ಗಾಬರಿಯಾಯಿತು. "ನಿಮ್ಮ ಟೈಮಾ? ಅಯ್ಯೋ, ನಂದು ಮುಗ್ದಿದೆ ಮಾರಾಯ್ರೆ, ದಯವಿಟ್ಟು ಬೋರ್ಡಲ್ಲಿ ದೂರು ಬರೀಬೇಡಿ" ಎಂದು ತಲೆಯಿಲ್ಲದ ಮನುಷ್ಯನನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದರು. ಸಂಜೆ ಲಲಿತಕ್ಕ ಒಂದು ತಟ್ಟೆ ಚಕ್ಕುಲಿ ಹಿಡಿದು ಕ್ಷಮೆ ಕೇಳಲು ಬಂದರು. "ಅವರು ಹಾಗೇ. ನಮ್ಮ ಮದುವೆ ಸೀರೆಗೂ ಸೋಪು ಹಾಕಿ ಟೆಸ್ಟ್ ಮಾಡಿದ್ರೋ ಏನೋ" ಎಂದರು.

ಕುಂದರ್ ಟ್ರಾನ್ಸ್‌ಫಾರ್ಮರ್‌ಗಳನ್ನು ಪರೀಕ್ಷಿಸುವ ಎಂಜಿನಿಯರು. ಮನೆಯಷ್ಟು ದೊಡ್ಡ ಆ ಯಂತ್ರಗಳ ಒಳಗೆ ಎಣ್ಣೆ ಇರುತ್ತದೆ. ಆ ಎಣ್ಣೆಗೆ ತೇವ ಸೇರಬಾರದು. ತೇವ ಎಲ್ಲಿಂದ ಒಳಗೆ ಬರಬಹುದೆಂದು ಯೋಚಿಸುವುದೇ ಅವರ ಕೆಲಸ. ಆ ಅಭ್ಯಾಸ ಅವರನ್ನು ಮನೆಯಲ್ಲೂ ಬಿಡುತ್ತಿರಲಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಕಿಟಕಿಯ ರಬ್ಬರನ್ನು ಒಮ್ಮೆ ಒತ್ತಿ ನೋಡುತ್ತಿದ್ದರು. ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ಇನ್ನೊಬ್ಬರು ತಿರುಗಿಸಿದ ಮೇಲೂ ತಾವು ಒಮ್ಮೆ ತಿರುಗಿಸುತ್ತಿದ್ದರು. "ಒಂದು ವಸ್ತು ಹಾಳಾಯ್ತು ಅಂದ್ರೆ ಕಾರಣ ಉಂಟು. ಸಿಗಲಿಲ್ಲ ಅಂದ್ರೆ ನೀನು ಹುಡುಕಿಲ್ಲ, ಅಷ್ಟೆ" ಎಂಬುದು ಅವರು ನನ್ನ ಪ್ರಯೋಗ ಕೆಟ್ಟಾಗಲೆಲ್ಲ ಹೇಳುತ್ತಿದ್ದ ಮಾತು. ನನಗೆ ಅದು ಸಮಾಧಾನದಂತೆ ಕೇಳುತ್ತಿತ್ತು. ಈಗ ಹಾಗೆ ಕೇಳುವುದಿಲ್ಲ.

ಕುಂದರ್ ಮಲ್ಪೆ ಕಡೆಯವರು. ನಡೆಯುವುದನ್ನು ಕಲಿತ ವರ್ಷವೇ ಈಜುವುದನ್ನೂ ಕಲಿತವರು. ಸ್ವೀಡನ್ನಿಗೆ ಬಂದ ಮೊದಲ ಮೇ ತಿಂಗಳಲ್ಲಿ, ಒಳ್ಳೆಯ ಬಿಸಿಲಿನ ಒಂದು ದಿನ, ಸಹೋದ್ಯೋಗಿ ಯೋರಾನ್ ಜೊತೆ ಮೆಲಾರೆನ್ ಸರೋವರಕ್ಕೆ ಮೀನು ಹಿಡಿಯಲು ಹೋಗಿದ್ದರಂತೆ. ಟೀ ಶರ್ಟು, ಚಡ್ಡಿ. ದೋಣಿಯಲ್ಲಿ ಎದ್ದು ನಿಂತು ಗಾಳ ಬೀಸುವಾಗ ಬಿದ್ದರು. ಬೀಳುವಾಗಲೂ ನಗುತ್ತಿದ್ದರಂತೆ. ಬಿದ್ದವನು ಈಜಿ ಬರುತ್ತಾನೆ, ಅದರಲ್ಲೇನು ಎಂಬುದು ಅವರ ತಿಳಿವಳಿಕೆ. ಆ ಕಥೆಯನ್ನು ಅವರು ಹೇಳುವಾಗ ನಗು ಇಲ್ಲಿಗೆ ನಿಲ್ಲುತ್ತಿತ್ತು.

"ನೀರು ಎಂತ ಮಾಡ್ತದೆ ಗೊತ್ತುಂಟಾ? ಮೊದಲು ಉಸಿರು ಕೀಳ್ತದೆ. ಕೈ ಉಂಟು, ಕಾಲು ಉಂಟು, ಈಜು ಬರ್ತದೆ, ಆದ್ರೆ ಬಾಯಿ ನಿಂದಲ್ಲ. ಅದು ಅದರಷ್ಟಕ್ಕೆ ಹಾಹಾಹಾ ಅಂತ ಎಳೀತದೆ. ಆಗ ತಲೆ ನೀರಿನ ಅಡಿ ಇದ್ರೆ ನೀರನ್ನೇ ಎಳೀತದೆ. ನಮ್ಮ ಸಮುದ್ರದ ಈಜು ಇಲ್ಲಿ ಎಂತಕ್ಕೂ ಬಾರದು."

ಯೋರಾನ್ ಇವರ ಟೀ ಶರ್ಟಿನ ಕೊರಳು ಹಿಡಿದು ದೋಣಿಗೆ ಎಳೆದುಕೊಂಡರಂತೆ. ಮರುವಾರವೇ ಕುಂದರ್ ಡ್ರೈ ಸೂಟು ತೆಗೆದುಕೊಂಡರು. ಅಂದಿನಿಂದ ಹೊಸ ಜಾಗಕ್ಕೆ ಹೋದಾಗಲೆಲ್ಲ ಮೊದಲು ಬರಿಗೈಯನ್ನು ನೀರಿನಲ್ಲಿ ಅದ್ದಿ, ಮರಗಟ್ಟುವವರೆಗೆ ಇಟ್ಟುಕೊಂಡು, ಆ ಕೈಯನ್ನು ಪಕ್ಕದಲ್ಲಿರುವವರ ಕೆನ್ನೆಗೆ ಹಚ್ಚುತ್ತಿದ್ದರು. "ಇವರೇ ಮೆಲಾರೆನ್. ಗುರುತು ಮಾಡ್ಕೊಳ್ಳಿ." ಮೊದಲ ಸಲ ಹಚ್ಚಿದಾಗ ನಾನು ಹಾರಿಬಿದ್ದಿದ್ದೆ.

ನಾನು ವಿಜಯಪುರದವಳು. ನೀರೆಂದರೆ ಕಾಲುವೆ, ಅದೂ ನೀರು ಬಿಟ್ಟ ದಿನ. ಮೇಲಾಗಿ ಮೀನು ತಿನ್ನದ ಮನೆ. ಆದರೆ ಪ್ರಬಂಧ ಬರೆಯುತ್ತ ಕೋಣೆಯಲ್ಲೇ ಕೊಳೆಯುತ್ತಿದ್ದ ನನ್ನನ್ನು ಅವರು ಬಲವಂತವಾಗಿ ಒಂದು ಶನಿವಾರ ಕಯಾಕಿನಲ್ಲಿ ಕೂರಿಸಿದರು. ಕಯಾಕ್ ಎಂದರೆ ಒಬ್ಬರು ಕೂರುವಷ್ಟೇ ಜಾಗವಿರುವ ಉದ್ದನೆಯ, ಕಿರಿದಾದ ದೋಣಿ. ನೀರಿನ ಮಟ್ಟದಲ್ಲೇ ಕುಳಿತಿರುತ್ತೇವೆ. ಆ ಮೌನ ನನಗೆ ಹಿಡಿಸಿತು. ಗಾಳಕ್ಕೆ ಮೀನು ಬಿದ್ದಾಗ ದಾರದಲ್ಲಿ ಬರುವ ಆ ನಡುಕವೂ ಹಿಡಿಸಿತು. ಹಿಡಿದದ್ದನ್ನು ಅವರಿಗೆ ಕೊಟ್ಟುಬಿಡುತ್ತಿದ್ದೆ.

"ನೀನು ಹಿಡಿ, ನಾನು ತಿಂತೇನೆ. ಪಾಪ ಅರ್ಧ ಅರ್ಧ."

"ಸರ್, ಹಿಡಿದಿದ್ದಕ್ಕೇ ಜಾಸ್ತಿ ಪಾಪ ಅಲ್ವಾ?"

"ಅದು ನೀನು ದೇವರ ಹತ್ರ ಚರ್ಚೆ ಮಾಡು ಮಾರಾಯ್ತಿ, ನಿಂಗೆ ಬಾಯಿ ಉಂಟು."

ಇಲ್ಲಿನ ಆ ಪಟ್ಟೆಪಟ್ಟೆಯ ಅಬ್ಬೊರೆ ಮೀನನ್ನು ರವೆ ಹಚ್ಚಿ ಹುರಿದರೆ ಊರಿನ ಕಾಣೆ ಮೀನಿಗೆ ಸಮ ಎಂದು ಲಲಿತಕ್ಕ ಹೇಳುತ್ತಿದ್ದರು. ಕುಂದರ್ ಎಂದೂ ಒಪ್ಪಲಿಲ್ಲ. ತಟ್ಟೆ ಖಾಲಿ ಮಾಡಿ, ಬೆರಳು ನೆಕ್ಕಿ, "ಇಲ್ಲ, ಕಾಣೆ ಕಾಣೆಯೇ" ಎನ್ನುತ್ತಿದ್ದರು.

ಸೂಟಿನ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳ ಬಿದ್ದದ್ದು ಎರಡನೆಯ ವರ್ಷ. ಬೇಸಿಗೆ ಬಿಟ್ಟು ಬೇರೆ ಕಾಲದಲ್ಲೂ ನೀರಿಗೆ ಇಳಿಯಬೇಕಾದರೆ ನನಗೂ ಒಂದು ಬೇಕಿತ್ತು. ಡ್ರೈ ಸೂಟು ನೀರನ್ನು ಒಳಗೆ ಬಿಡುವುದೇ ಇಲ್ಲ, ಆದರೆ ಅದರಲ್ಲಿ ಸ್ವಂತ ಶಾಖವಿಲ್ಲ, ಒಳಗೆ ಉಣ್ಣೆ ಹಾಕಿಕೊಳ್ಳಬೇಕು. ವೆಟ್ ಸೂಟು ದಪ್ಪ ರಬ್ಬರಿನದು. ಮೈಗೆ ಚರ್ಮದ ಹಾಗೆ ಅಂಟಿರುತ್ತದೆ, ತೆಳುವಾಗಿ ನೀರು ಒಳಗೆ ಬರುತ್ತದೆ, ಆ ನೀರನ್ನು ನಮ್ಮ ಮೈಯೇ ಬೆಚ್ಚಗೆ ಮಾಡಿಕೊಳ್ಳಬೇಕು.

"ಡ್ರೈ ಸೂಟು ಅಂದ್ರೆ ಮನೆ. ಬಾಗಿಲು ಹಾಕಿದ್ರೆ ಒಳಗೆ ನಾವು, ಹೊರಗೆ ನೀರು. ವೆಟ್ ಸೂಟು ಅಂದ್ರೆ ಕಳ್ಳನನ್ನೇ ಒಳಗೆ ಕರೆದು ಕಾಫಿ ಕೊಟ್ಟು ಪಳಗಿಸಿದ ಹಾಗೆ" ಎಂದರು ಕುಂದರ್.

ನಾನು ಹೇಳಿದೆ, "ಸರ್, ನಿಮ್ಮ ಮನೆಗೆ ಒಂದು ತೂತಾದ್ರೆ ಇಡೀ ಮನೆ ಹೋಯ್ತು. ವೆಟ್ ಸೂಟು ತಾನು ಸೋರ್ತೀನಿ ಅಂತ ಮೊದ್ಲೇ ಒಪ್ಕೊಂಡಿದೆ. ಹರಿದ್ರೂ ಅದು ವೆಟ್ ಸೂಟೇ. ನಂಗೆ ಅಂಥದ್ದೇ ಬೇಕು."

ಅವರು ಸೋತವರಂತೆ ಎರಡೂ ಕೈ ಎತ್ತಿದರು. "ಮಾತಲ್ಲಿ ಗೆದ್ದೆ. ಆದ್ರೆ ಏಪ್ರಿಲ್ ತಿಂಗಳಲ್ಲಿ ಕಳ್ಳ ಕಾಫಿ ಕುಡಿಯುದಿಲ್ಲ. ಮೊದಲು ಹೊಡೀತಾನೆ, ಆಮೇಲೆ ಪಳಗ್ತಾನೆ. ಆ ಹೊಡೆತಕ್ಕೆ ನಿಂಗೆ ಉಸಿರು ನಿಲ್ಲದಿದ್ರೆ ಸಾಕು." ಆದರೂ ನಾನು ವೆಟ್ ಸೂಟೇ ಕೊಂಡೆ. ಅವರು ಅದಕ್ಕೂ ಒಮ್ಮೆ ಸೋಪು ಹಚ್ಚಿ ನೋಡುವ ಎಂದರು. ವೆಟ್ ಸೂಟಿಗೆ ಸೋಪು ಹಚ್ಚಿ ಏನು ನೋಡುವುದು ಎಂದು ಕೇಳಿದ್ದಕ್ಕೆ, "ಸುಮ್ಮನೆ. ಪಾಪ, ಅದಕ್ಕೂ ಯಾರಾದ್ರೂ ಪರೀಕ್ಷೆ ಮಾಡ್ಲಿ" ಎಂದರು.

ಪ್ರತಿ ವರ್ಷ ಮಂಜುಗಡ್ಡೆ ಕರಗಿದ ಮೇಲೆ, ಮೀನು ಹಿಡಿಯಲು ಹೊರಡುವ ಮೊದಲು, ಅವರು ಒಂದು ಶನಿವಾರ ಗೊತ್ತುಮಾಡುತ್ತಿದ್ದರು. ಅದಕ್ಕೆ ಅವರಿಟ್ಟಿದ್ದ ಹೆಸರು "ಬೀಳುವ ದಿನ". ಅಂದು ಯಾರೂ ಮೀನು ಹಿಡಿಯುವಂತಿಲ್ಲ. ಎದೆಯುದ್ದ ನೀರಿರುವ ಕಡೆ ಎಲ್ಲರೂ ತಮ್ಮ ತಮ್ಮ ಸೂಟು ಹಾಕಿಕೊಂಡು ಕಯಾಕಿನಿಂದ ಬೇಕೆಂದೇ ಬೀಳಬೇಕು. ಮೊದಲು ಬೀಳುವವರು ಅವರೇ. ಬಿದ್ದು, ತೇಲುವ ಜಾಕೆಟ್ಟಿನಲ್ಲಿ ಬೋರಲಾಗಿ, ಮುಖ ನೀರಿನಲ್ಲಿಟ್ಟು, ಹೆಣದಂತೆ ತೇಲುತ್ತಿದ್ದರು. ಜ್ಞಾನ ತಪ್ಪಿದವನನ್ನು ಆ ಜಾಕೆಟ್ಟು ತಾನಾಗಿ ಮೇಲ್ಮೊಗ ಮಾಡುವುದಿಲ್ಲ, ಆದ್ದರಿಂದ ಒಬ್ಬರೇ ಹೋಗಬಾರದು ಎಂದು ತೋರಿಸುವ ಪಾಠ ಅದು. ಆಯಾ ವರ್ಷ ಸರದಿ ಬಂದವರು ನೀರಿಗಿಳಿದು, ಹೆಗಲು ಹಿಡಿದು ಅವರನ್ನು ತಿರುಗಿಸಬೇಕು. ತಿರುಗಿಸಿದ ಕೂಡಲೇ ಅವರು ಬಾಯಲ್ಲಿ ತುಂಬಿಕೊಂಡಿದ್ದ ನೀರನ್ನು ತಿರುಗಿಸಿದವರ ಮುಖಕ್ಕೆ ಉಗುಳಿ, "ಮೊದಲು ಎಂತ ನೋಡ್ಬೇಕು?" ಎಂದು ಕೇಳುತ್ತಿದ್ದರು. "ಉಸಿರು" ಎನ್ನಬೇಕು. ಹೇಳಲು ತಡವಾದರೆ ಇನ್ನೊಮ್ಮೆ ಉಗುಳುತ್ತಿದ್ದರು. ವೆಸ್ಟೆರಾಸ್‌ನಲ್ಲಿ ನಮ್ಮವರಲ್ಲಿ ಅರ್ಧ ಜನ ಆ ನೀರು ಉಗುಳಿಸಿಕೊಂಡವರೇ.

ಆ ವರ್ಷದ ಸರದಿ ನನ್ನದು.

ಒಳ್ಳೆಯ ಬಿಸಿಲಿತ್ತು. ನೆರಳಿನ ಕಲ್ಲುಗಳ ಸಂದಿಯಲ್ಲಿ ಇನ್ನೂ ಮಂಜು. ಎರಡು ಮೂರು ಕುಟುಂಬಗಳು ಬಂದಿದ್ದವು. ಲಲಿತಕ್ಕ ಬಂದಿರಲಿಲ್ಲ. ಅವರು ಕೆಲಸ ಮಾಡುವ ದಾಗಿಸ್‌ನಲ್ಲಿ, ಅಂದರೆ ಚಿಕ್ಕಮಕ್ಕಳ ಶಾಲೆಯಲ್ಲಿ, ಅಂದು ಹೆತ್ತವರೆಲ್ಲ ಸೇರಿ ಅಂಗಳ ಗುಡಿಸುವ ದಿನವಿತ್ತು. ಕುಂದರ್ ಎಲ್ಲವನ್ನೂ ಎಂದಿನಂತೆ ಮಾಡಿದರು. ನಾನು ನೋಡಿದ್ದೇನೆ. ಕೈ ಅದ್ದಿ ಒಂದು ಮಗುವಿನ ಕೆನ್ನೆಗೆ ಹಚ್ಚಿದರು. ಜಿಪ್ಪು ಎಳೆದು, ಯೋರಾನ್‌ಗೆ ತೋರಿಸಿದರು. ಯೋರಾನ್ ಅದನ್ನು ಇನ್ನೊಮ್ಮೆ ಎಳೆದು ನೋಡಿ ಬೆನ್ನು ತಟ್ಟಿದರು. ಕುಕ್ಕರಗಾಲಲ್ಲಿ ಕೂತು ಗಾಳಿ ಬಿಟ್ಟರು, ಮಕ್ಕಳು ನಕ್ಕರು. ನೀರಿಗೆ ಬಗ್ಗಿ ಮುಖ ತೊಳೆದುಕೊಂಡರು, ಮತ್ತೊಮ್ಮೆ ತೊಳೆದುಕೊಂಡರು. "ಮುಖಕ್ಕೆ ಸೂಟಿಲ್ಲ, ಅದಕ್ಕೆ ಮೊದಲೇ ಹೇಳಿಡ್ಬೇಕು" ಎಂದು ಅವರು ಪ್ರತಿ ಸಲ ಹೇಳುತ್ತಿದ್ದರು, ಅಂದೂ ಹೇಳಿದರು. ಏನನ್ನೂ ಬಿಡಲಿಲ್ಲ.

ಕಯಾಕಿನಿಂದ ಪಕ್ಕಕ್ಕೆ ವಾಲಿ ಬಿದ್ದರು. ನೀರು ಹಾರಿತು. ಬೋರಲಾಗಿ ತೇಲಿದರು. ಕೈಗಳು ಅಡ್ಡಕ್ಕೆ ಚಾಚಿದ್ದವು. ದಡದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. "ಹೋಗು ಶೈಲಾ, ಹೆಣ ಎತ್ತು!" ಎಂದು ಯಾರೋ ಕೂಗಿದರು. ಯಾರೆಂದು ನನಗೆ ಗೊತ್ತು. ಅವರು ಇಂದಿಗೂ ಆ ಮಾತಿನ ಸಂಕಟದಲ್ಲಿದ್ದಾರೆ, ಹೆಸರು ಬೇಡ.

ನಾನು ಕೂಡಲೇ ಹೊರಟೆ. ನೀರು ಸೊಂಟ ದಾಟಿದ ಕೂಡಲೇ ನನ್ನ ಸೂಟಿನ ಬೆನ್ನಿನ ಜಿಪ್ಪಿನಿಂದ ಒಳಗೆ ನುಗ್ಗಿತು. ಕುಂದರ್ ಹೇಳಿದ್ದ ಹೊಡೆತ ಅದೇ. ನನ್ನ ಬಾಯಿ ನನ್ನದಾಗಿರಲಿಲ್ಲ. ಹಾಹಾಹಾ ಎಂದು ಅದು ಎಳೆಯುತ್ತಲೇ ಇತ್ತು. ನಾನು ನಿಂತೆ. ಎಷ್ಟು ಹೊತ್ತು ನಿಂತೆನೆಂದು ನಾನು ಹೇಳಲಾರೆ. ದಡದಲ್ಲಿದ್ದವರು ಸ್ವಲ್ಪವೇ ಹೊತ್ತು ಎನ್ನುತ್ತಾರೆ. ಆಮೇಲೆ ಮುಂದೆ ಹೋಗಿ, ಅವರು ಕಲಿಸಿದ ಹಾಗೆ ಒಂದು ಕೈ ಹೆಗಲಿಗೆ, ಇನ್ನೊಂದು ಜಾಕೆಟ್ಟಿನ ಪಟ್ಟಿಗೆ ಹಾಕಿ ತಿರುಗಿಸಿದೆ. ಕಣ್ಣು ಮುಚ್ಚಿಕೊಂಡೆ, ಮುಖಕ್ಕೆ ನೀರು ಬೀಳುತ್ತದಲ್ಲ ಎಂದು.

ನೀರು ಬೀಳಲಿಲ್ಲ.

ಕಣ್ಣು ತೆಗೆದೆ. ಅವರ ಬಾಯಿ ತುಸು ತೆರೆದಿತ್ತು. ಕನ್ನಡಕದ ದಾರ ಕಿವಿಯಲ್ಲೇ ಇತ್ತು. ಮುಖದಲ್ಲಿ ನೋವಾಗಲಿ ಗಾಬರಿಯಾಗಲಿ ಇರಲಿಲ್ಲ. ಯಾರೋ ಏನೋ ಕೇಳಿದ್ದಕ್ಕೆ ಯೋಚಿಸುತ್ತಿರುವವರಂತೆ ಇದ್ದರು. "ಏಳ್ರಿ" ಎಂದೆ. ಊರು ಬಿಟ್ಟ ಮೇಲೆ ನಾಲಿಗೆಯಿಂದ ನಾನೇ ತೆಗೆದುಹಾಕಿದ್ದ ಮಾತು ತಾನಾಗಿ ಬಂತು. "ಏಳ್ರಿ ಸರ, ಸಾಕು, ಏಳ್ರಿ." ದಡದಲ್ಲಿ ಇನ್ನೂ ನಗುತ್ತಿದ್ದರು. ನನ್ನ ದನಿ ಕೇಳಿ ಮೊದಲು ನಗು ನಿಲ್ಲಿಸಿದವರು ಯೋರಾನ್. ಅವರಿಗೆ ಕನ್ನಡ ಬರುವುದಿಲ್ಲ.

ಯೋರಾನ್ ಬಟ್ಟೆಯಲ್ಲೇ ನೀರಿಗೆ ನುಗ್ಗಿದರು. ಇಬ್ಬರೂ ಸೇರಿ ದಡಕ್ಕೆ ಎಳೆದೆವು. ಕುಂದರ್ ಅವರ ಜಾಕೆಟ್ಟಿನಲ್ಲಿ ಗಾಳದ ದಾರ ಕತ್ತರಿಸುವ ಒಂದು ಚಾಕು ಸದಾ ಇರುತ್ತಿತ್ತು. ಯೋರಾನ್ ಅದನ್ನೇ ತೆಗೆದುಕೊಂಡು, ಕೊರಳ ರಬ್ಬರ್ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ಅಗಲಿಸಿದರು, ಕೊಯ್ಯಲು. ಸೂಟಿನಲ್ಲಿ ಉಳಿದಿದ್ದ ಗಾಳಿ ಪುಸ್ ಎಂದು ಹೊರಗೆ ಬಂತು.

ಮಕ್ಕಳಲ್ಲಿ ಒಂದು ನಕ್ಕಿತು.

ಅದರ ತಪ್ಪಲ್ಲ. ಅದಕ್ಕೆ ಆ ಸದ್ದು ಗೊತ್ತಿದ್ದದ್ದೇ ಹಾಗೆ. ಆದರೆ ಈಗ ನಾನು ಆ ದಿನವನ್ನು ನೆನೆದಾಗ ಮೊದಲು ಕೇಳುವುದು ಆ ನಗು.

ಜಿಪ್ಪು ತೆರೆದು ಸೂಟನ್ನು ಎದೆಯಿಂದ ಕೆಳಗೆ ಜಾರಿಸಿದಾಗ ಒಳಗಿನ ಬೂದು ಬಣ್ಣದ ಉಣ್ಣೆ ಅಂಗಿ ಕಂಡಿತು. ಅದು ಬೆಚ್ಚಗಿತ್ತು. ಒಣಗಿತ್ತು. ಯೋರಾನ್ ಎದೆ ಒತ್ತುತ್ತ ಹೋದರು, ಸುಸ್ತಾದಾಗ ನಾನು ಒತ್ತಿದೆ, ನನ್ನ ಸೂಟಿನಿಂದ ನೀರು ತೊಟ್ಟಿಕ್ಕಿ ಅವರ ಅಂಗಿಯ ಮೇಲೆ ಬೀಳುತ್ತಿತ್ತು. ಆ ಅಂಗಿ ಒದ್ದೆಯಾದದ್ದು ನನ್ನಿಂದ. ಆಂಬುಲೆನ್ಸಿನವರು ಬಂದು ನಮ್ಮನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು.

ಹೃದಯ ನಿಂತಿತ್ತು ಎಂದರು ವೈದ್ಯರು. ಬಿದ್ದ ಗಳಿಗೆಯಲ್ಲೇ ಇರಬಹುದು, ಶ್ವಾಸಕೋಶದಲ್ಲಿ ನೀರು ಹೆಚ್ಚೇನೂ ಇರಲಿಲ್ಲ. ಮುಖಕ್ಕೆ ತಟ್ಟಿದ ತಣ್ಣನೆಯ ನೀರು ಕಾರಣವೋ, ಮೆಟ್ಟಿಲು ಹತ್ತುವಾಗಲೂ ಆಗಬಹುದಿತ್ತೋ, ಯಾರೂ ಖಚಿತವಾಗಿ ಹೇಳಲಾರರು ಎಂದರು. ಕೆಲಸದಿಂದ ನೇರ ಆಸ್ಪತ್ರೆಗೆ ಬಂದಿದ್ದ ಲಲಿತಕ್ಕ ಅಳಲಿಲ್ಲ. ಅವರ ಅಂಗೈಯಲ್ಲಿ ಇನ್ನೂ ದಾಗಿಸ್‌ನ ಅಂಗಳದ ಮಣ್ಣಿತ್ತು. ನನ್ನನ್ನು ಕಾರಿಡಾರಿನ ಕೊನೆಗೆ ಕರೆದುಕೊಂಡು ಹೋಗಿ ಕೇಳಿದರು:

"ನೀನು ತಿರುಗಿಸಿದಾಗ ಉಸಿರು ಇತ್ತಾ?"

ಇಲ್ಲ ಎಂದಿದ್ದರೆ ಸುಲಭವಾಗುತ್ತಿತ್ತು. ಆಗಲೇ ಎಲ್ಲ ಮುಗಿದಿತ್ತು, ಯಾರಿಂದಲೂ ಏನೂ ಆಗುತ್ತಿರಲಿಲ್ಲ ಎಂದು ಅವರು ಮನೆಗೆ ಹೋಗಬಹುದಿತ್ತು. ಆದರೆ ಮೊದಲು ನೋಡಬೇಕಾದದ್ದು ಅದೇ ಎಂದು ಕಲಿಸಿದ ಮನುಷ್ಯನ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಗೊತ್ತಾಗ್ಲಿಲ್ಲ ಅಕ್ಕಾ. ನಂದೇ ಉಸಿರು ಅಷ್ಟು ಜೋರಾಗಿತ್ತು. ಬೇರೆ ಏನೂ ಕೇಳಿಸ್ಲಿಲ್ಲ."

ಅವರು ತಲೆಯಾಡಿಸಿದರು. "ಸೂಟಿನ ಒಳಗೆ ಒಣಗಿತ್ತಂತೆ, ಹೌದಾ?" ಎಂದರು. ಹೌದೆಂದೆ. ಅವರು ನಂಬಿದಂತೆ ಕಾಣಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ದಿನ ಲಲಿತಕ್ಕ ನನ್ನ ಬಾಗಿಲು ತಟ್ಟಿದರು. ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ. "ಕೆಳಗೆ ನನ್ನ ಟೈಮುಂಟು. ಬಾ."

ನೆಲಮಾಳಿಗೆಯ ಮೇಜಿನ ಮೇಲೆ ಸೂಟನ್ನು ಹರಡಿದೆವು. ಯೋರಾನ್ ಕೊಯ್ದಿದ್ದು ಕೊರಳ ಪಟ್ಟಿಯನ್ನಷ್ಟೇ. ಲಲಿತಕ್ಕ ಅದೇ ಸ್ಟೀಲ್ ಡಬ್ಬಿಯನ್ನು ಕೊರಳಿಗೆ ಇಟ್ಟು ಸುತ್ತಲೂ ಟೇಪು ಬಿಗಿದರು. ಮಣಿಕಟ್ಟಿಗೆ ಲೋಟಗಳು. ನಾನು ಪಂಪು ಒತ್ತಿದೆ. ಮೊದಲು ಎದೆ ಎದ್ದಿತು, ಆಮೇಲೆ ತೋಳುಗಳು ಅಡ್ಡಕ್ಕೆ ಚಾಚಿಕೊಂಡವು, ಕೊನೆಗೆ ಕಾಲು. ಅವರದೇ ಎತ್ತರ. ಲಲಿತಕ್ಕ ಸ್ಪಂಜು ಅದ್ದಿಕೊಂಡು ಹೆಗಲಿನಿಂದ ಶುರುಮಾಡಿದರು. ಹೊಲಿಗೆ ಹೊಲಿಗೆಯಾಗಿ, ಜಿಪ್ಪಿನ ಉದ್ದಕ್ಕೂ, ಕಂಕುಳಲ್ಲಿ, ಮೊಣಕಾಲ ಹಿಂದೆ, ಅಂಗಾಲಿನವರೆಗೆ. ನಾನು ಹಿಂದೆ ಹಿಂದೆ ನೊರೆ ನೋಡುತ್ತ ಹೋದೆ. ಒಂದು ಗುಳ್ಳೆ ಎದ್ದರೆ ಸಾಕು ಎಂದು ಅವರು ಬಯಸುತ್ತಿದ್ದದ್ದು ನನಗೆ ತಿಳಿಯುತ್ತಿತ್ತು. ಒಂದು ತೂತು ಸಿಕ್ಕಿದ್ದರೆ ಅದಕ್ಕೆ ಬೈಯಬಹುದಿತ್ತು.

"ಇನ್ನೊಮ್ಮೆ" ಎಂದರು. ಇನ್ನೊಮ್ಮೆ ಹಚ್ಚಿದೆವು.

ಬಾಗಿಲು ತೆರೆಯಿತು. ಮೇಲಿನ ಮಹಡಿಯ ವಯಸ್ಸಾದ ಸ್ವೀಡಿಷ್ ಹೆಂಗಸು, ಬುಟ್ಟಿ ಹಿಡಿದುಕೊಂಡು. ನಮ್ಮ ಸಮಯ ಮುಗಿದಿತ್ತು. ಮೇಜಿನ ಮೇಲಿದ್ದದ್ದನ್ನು ನೋಡಿ ಅವರ ಕೈ ಬಾಯಿಗೆ ಹೋಯಿತು. ಲಲಿತಕ್ಕ ತಲೆ ಎತ್ತದೆ, ದಾಗಿಸ್‌ನ ಮಕ್ಕಳೊಂದಿಗೆ ಮಾತಾಡುವ ಮೆದು ಸ್ವೀಡಿಷ್‌ನಲ್ಲಿ ಹೇಳಿದರು, "ಹೆದರಬೇಡಿ. ಇದು ನನ್ನ ಗಂಡ."

ಆ ಹೆಂಗಸು ನಮ್ಮನ್ನು, ಆ ಮೇಜನ್ನು ನೋಡಿದರು. ಬುಟ್ಟಿಯನ್ನು ಮತ್ತೆ ಸೊಂಟಕ್ಕೆ ಏರಿಸಿಕೊಂಡು, "ನನ್ನ ಸಮಯ ನೀವು ತೆಗೆದುಕೊಳ್ಳಿ" ಎಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು.

"ಒಂದೂ ಇಲ್ಲ" ಎಂದರು ಲಲಿತಕ್ಕ. ಸ್ಪಂಜನ್ನು ಕೆಳಗಿಟ್ಟರು. "ಎಲ್ಲ ಸರಿ ಉಂಟು."

ಟೇಪು ಬಿಚ್ಚಿ ಡಬ್ಬಿ ತೆಗೆಯಲು ನಾನು ಕೈ ಮುಂದೆ ಮಾಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ನೊರೆಯಾಗಿದ್ದ ಆ ಸೂಟನ್ನು ಮೇಜಿನಿಂದ ಎಳೆದುಕೊಂಡು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ತೋಳಿನಿಂದ ಎದೆಗೆ ಅವುಚಿಕೊಂಡರು. ಆಮೇಲೆ ಟೇಪಿನ ಒಂದು ತುದಿಯನ್ನು ತಾವೇ ಕಿತ್ತು, ಕೊರಳೊಳಗೆ ಎರಡು ಬೆರಳು ತೂರಿಸಿದರು. ಗಾಳಿ ಮೆಲ್ಲಗೆ ಹೊರಗೆ ಬರತೊಡಗಿತು. ಅವರು ಅದಕ್ಕೆ ಕೆನ್ನೆ ಒಡ್ಡಿಕೊಂಡು, ಸೂಟು ಪೂರ್ತಿ ಬರಿದಾಗುವವರೆಗೂ ಕೂತೇ ಇದ್ದರು.